ಹೊಸ್ತಿಲ ಮೇಲಿನ ಟಾನಿಕ್

ಕಾರ್ಪೆಟ್ಟಿಗೆ ಮೈಲಿಗೆ ತಾಗುತ್ತದೆಯೋ ಇಲ್ಲವೋ ಎನ್ನುವ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದದ್ದು ಅಜ್ಜಿ ಮೈಸೂರಿನಿಂದ ಬಂದ ಮೊದಲ ವಾರದಲ್ಲಿ. ನಾವಾಗ ಹ್ಯೂಸ್ಟನ್ನಿನ ದಕ್ಷಿಣಕ್ಕೆ, ಪೇರ್ಲ್ಯಾಂಡಿನಲ್ಲಿ, ಮುಂಭಾಗಕ್ಕೆ ಮಾತ್ರ ಇಟ್ಟಿಗೆ ಹೊದಿಸಿದ ಒಂದಂತಸ್ತಿನ ಮನೆಯಲ್ಲಿದ್ದೆವು. ಬಾಗಿಲು ದಾಟಿದರೆ ಸಾಕು, ಗೋಡೆಯಿಂದ ಗೋಡೆಗೆ ಒದ್ದೆ ಮರಳಿನ ಬಣ್ಣದ ಕಾರ್ಪೆಟ್. ಹತ್ತಿಬಟ್ಟೆಗೆ ಮೈಲಿಗೆ ತಾಗುತ್ತದೆ, ರೇಷ್ಮೆಗೂ ಉಣ್ಣೆಗೂ ತಾಗುವುದಿಲ್ಲ ಎನ್ನುವುದು ಅಜ್ಜಿಗೆ ಬಾಲ್ಯದಿಂದ ಗೊತ್ತಿದ್ದ ಶಾಸ್ತ್ರ. ಹಾಗಾದರೆ ಇದು ಯಾವುದು? ಸೋಫಾದ ಅಂಚಿನಲ್ಲಿ ಕಾಲು ಮೇಲಕ್ಕೆಳೆದುಕೊಂಡು ಕೂತಿದ್ದ ಅಜ್ಜಿ ತಮ್ಮ ಮಗನನ್ನು, ಅಂದರೆ ನನ್ನ ಅಪ್ಪನನ್ನು, ಕೇಳಿದರು.

"ಇದು ಉಣ್ಣೇದೋ ಹತ್ತೀದೋ?"

"ಎರಡೂ ಅಲ್ಲಮ್ಮ. ನೈಲಾನು. ಪೆಟ್ರೋಲಿಂದ ಮಾಡ್ತಾರೆ."

"ಪೆಟ್ರೋಲು ಅಂದ್ರೆ ಎಣ್ಣೆ ತಾನೆ? ಎಣ್ಣೆಗೆ ಮೈಲಿಗೆ ಇಲ್ವಲ್ಲೋ."

"ಹಾಗಾದ್ರೆ ಇಲ್ಲ ಅಂತ ಇಟ್ಕೋ."

"ಇಟ್ಕೋ ಅಂದ್ರೆ? ನಿಶ್ಚಯವಾಗಿ ಹೇಳೋ, ನೀನು ಓದಿದವನು."

ಅಪ್ಪ ಅರಿವಳಿಕೆಯ ಡಾಕ್ಟರು. ಬೇರೆಯವರು ಕತ್ತರಿಸುವಾಗ ಮಲಗಿದವರಿಗೆ ಏನೂ ಗೊತ್ತಾಗದಂತೆ ನೋಡಿಕೊಳ್ಳುವುದು ಅವರ ಕೆಲಸ. ನೈಲಾನಿನ ಮಡಿಯ ಬಗ್ಗೆ ಅವರಿಗೆ ನಿಶ್ಚಯವಾದ ಅಭಿಪ್ರಾಯವಿರಲಿಲ್ಲ. ಈ ಮಾತುಕತೆ ನನಗೆ ನಿಜವಾಗಿ ನೆನಪಿದೆಯೋ, ಅಪ್ಪ ಮುಂದೆ ಊಟದ ಪಾರ್ಟಿಗಳಲ್ಲಿ ಹೇಳಿ ಹೇಳಿ ನನ್ನದಾಯಿತೋ ಗೊತ್ತಿಲ್ಲ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದಿದ್ದೇನೆ, ಆದರೆ ಈ ಮನೆಯ ಕಾಲಕ್ಕೆ ನನ್ನ ಬಳಿ ಡೈರಿ ಇರಲಿಲ್ಲ. ಡೈರಿಯಲ್ಲಿ ಬರೆದದ್ದನ್ನೇ ಹತ್ತು ವರ್ಷ ಬಿಟ್ಟು ಓದಿದರೆ ಇದು ಹೀಗಾಗಿತ್ತೇ ಅನ್ನಿಸುತ್ತದೆ; ಬರೆಯದೇ ಉಳಿದದ್ದನ್ನು ನಂಬುವುದು ಹೇಗೆ? ಆದರೆ ತೀರ್ಪು ಏನಾಯಿತು ಎನ್ನುವುದರಲ್ಲಿ ನನಗಾಗಲಿ ರೋಹಿಣಿ ಅಕ್ಕನಿಗಾಗಲಿ ಅನುಮಾನವಿಲ್ಲ. ಕಾರ್ಪೆಟ್ಟಿನ ಜಾತಿ ಗೊತ್ತಾಗದ ಕಾರಣ, ತಿಂಗಳ ಮೂರು ದಿನ ಅಮ್ಮ ಅದರ ಮೇಲೆ ಓಡಾಡುವ ಹಾಗಿರಲಿಲ್ಲ. ಅಡುಗೆಮನೆ, ಬಾತ್‌ರೂಮುಗಳನ್ನು ಬಿಟ್ಟರೆ ಕಾರ್ಪೆಟ್ ಇಲ್ಲದ ಜಾಗ ಮನೆಯಲ್ಲಿ ಒಂದೇ ಒಂದಿತ್ತು. ಅದು ಲಾಂಡ್ರಿ ರೂಮು.

ಅಡುಗೆಮನೆಗೂ ಗರಾಜಿಗೂ ನಡುವೆ ಒಂದು ಕಿರಿದಾದ ಕೋಣೆ. ಬಟ್ಟೆ ಒಗೆಯುವ ಮೆಷಿನ್ನು, ಡ್ರೈಯರ್ರು, ಅವುಗಳ ಎದುರಿಗೆ ಒಬ್ಬರು ಮಲಗುವಷ್ಟು ನೆಲ. ನೆಲಕ್ಕೆ ಹಸಿರು ಚೌಕಗಳ ವಿನೈಲು. ಅದನ್ನು ನೀರು ಹಾಕಿ ತೊಳೆಯಬಹುದಾಗಿತ್ತು, ಅದೇ ಅದರ ಪುಣ್ಯ. ಆ ದಿನಗಳಲ್ಲಿ ಅಮ್ಮ ಅಲ್ಲಿ ಚಾಪೆ ಹಾಸಿಕೊಂಡು ಇರುತ್ತಿದ್ದಳು. ಅಜ್ಜಿ ಮಡಿಯುಟ್ಟು ಅಡುಗೆ ಮಾಡುತ್ತಿದ್ದರು, ನಾನೋ ಅಕ್ಕನೋ ತಟ್ಟೆಯನ್ನು ಹೊಸ್ತಿಲ ಆಚೆಗೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆವು. ಅಜ್ಜಿ ಬರುವ ಮೊದಲು ಅಮ್ಮ ಇದನ್ನೆಲ್ಲ ಮಾಡುತ್ತಿರಲಿಲ್ಲ. ಬಂದ ಮೇಲೆ ಯಾರೂ ಬಲವಂತ ಮಾಡಿದ್ದನ್ನು ನಾನು ಕೇಳಲಿಲ್ಲ, ಯಾರೂ ಬೇಡವೆಂದದ್ದನ್ನೂ ಕೇಳಲಿಲ್ಲ. ಅಪ್ಪ ಬೆಳಿಗ್ಗೆ ಗರಾಜಿಗೆ ಹೋಗುವಾಗ ಆ ಕೋಣೆಯನ್ನೇ ದಾಟಬೇಕಿತ್ತು. ಚಾಪೆಯ ತುದಿಯನ್ನು ತುಳಿಯದಂತೆ ಕಾಲೆತ್ತಿ ಇಡುತ್ತಿದ್ದರು. ಹೋಗಿಬರ್ತೀನಿ ಅನ್ನುತ್ತಿದ್ದರು. ಅಮ್ಮ ಹೂಂ ಅನ್ನುತ್ತಿದ್ದಳು. ಶಾಲೆಗೆ ಹೋಗುವ ಅವಸರದಲ್ಲಿ ನಾನು ಇದನ್ನು ಮಳೆ ಬಂತು, ನಿಂತಿತು ಎನ್ನುವ ಹಾಗೆ ನೋಡುತ್ತಿದ್ದೆ.

ನಾಲ್ಕನೆಯ ದಿನ ಅಮ್ಮ ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದಳು. ಆದರೆ ನಾನು ಐದನೆಯ ತರಗತಿಯಲ್ಲಿದ್ದ ವರ್ಷ ನಾಲ್ಕನೆಯ ದಿನ ಬರುವುದೇ ನಿಧಾನವಾಗತೊಡಗಿತು. ನಿಂತಿಲ್ಲ ಎಂದು ಅಮ್ಮ ಚಾಪೆಯಲ್ಲೇ ಇರುತ್ತಿದ್ದಳು. ವಾರವಾಗುತ್ತಿತ್ತು. ಒಳಗೆ ಬಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನಗೆ ಬೇಕಾದಂತೆ ಜೋಡಿಸಿಕೊಳ್ಳುವಷ್ಟರಲ್ಲಿ ಮತ್ತೆ ಶುರುವಾಗುತ್ತಿತ್ತು. ಅಜ್ಜಿಗೆ ಮಂಡಿನೋವು, ಎಲೆಕ್ಟ್ರಿಕ್ ಒಲೆಯ ಮೇಲೆ ಅಪನಂಬಿಕೆ. ದಿನಾ ಸಾರು, ಅನ್ನ, ಮಜ್ಜಿಗೆ. ಒಂದು ದಿನ ತಟ್ಟೆ ಇಡಲು ಹೋದ ಅಕ್ಕನಿಗೆ ಅಮ್ಮ ಹೇಳಿದ್ದು ನನಗೆ ನೆನಪಿದೆ:

"ಈ ರೂಮಿಗೆ ನಿಮ್ಮಪ್ಪಂಗೆ ನಾನು ಬಾಡಿಗೆ ಕೊಡಬೇಕು ಕಣೆ. ಖಾಲಿ ಮಾಡೋ ಹಾಗೇ ಕಾಣಲ್ಲ."

ಅಮ್ಮ ಆಗ ಬೆಳ್ಳಗಾಗಿದ್ದಳು. ಎಲ್ಲರೂ ಅದನ್ನು ಹೊಗಳುತ್ತಿದ್ದರು. ದೇವಸ್ಥಾನದಲ್ಲಿ ಸಿಕ್ಕ ಹೆಂಗಸರು ಅಮೆರಿಕದ ನೀರು ಒಗ್ಗಿದೆ ನೋಡಿ ಸರೋಜಂಗೆ ಅನ್ನುತ್ತಿದ್ದರು. ಡ್ರೈಯರ್ ಹಾಕಿದಾಗ ಅಮ್ಮ ಬೆನ್ನನ್ನು ಅದಕ್ಕೆ ಆನಿಸಿ ಕೂರುತ್ತಿದ್ದಳು. ಹ್ಯೂಸ್ಟನ್ನಿನ ಬೇಸಿಗೆಯಲ್ಲಿ ಹೊರಗೆ ಹೆಜ್ಜೆಯಿಟ್ಟರೆ ಬೆವರು, ಇವಳಿಗೆ ಚಳಿ.

ಗರಾಜಿನ ದೊಡ್ಡ ಬಾಗಿಲನ್ನು ಅಮ್ಮ ಆ ದಿನಗಳಲ್ಲಿ ಅರ್ಧ ಎತ್ತಿಯೇ ಇಡುತ್ತಿದ್ದಳು, ಬೆಳಕಿಗೆ. ಪಕ್ಕದ ಮನೆಯ ಮಿಸ್ ವಿಲ್ಮಾ ಅವಳನ್ನು ನೋಡಿದ್ದು ಹಾಗೆ. ಮಿಸ್ ವಿಲ್ಮಾಳಿಗೆ ಗಂಡ ತೀರಿಕೊಂಡಿದ್ದ, ಮೊಮ್ಮಕ್ಕಳಿದ್ದರು, ಆದರೂ ಆ ಬೀದಿಗೆಲ್ಲ ಅವಳು ಮಿಸ್. ತನ್ನ ಮರದ, ಅಕ್ರೋಟಿನಂಥ ಪೀಕನ್ ಕಾಯಿಗಳನ್ನು ಕಾಗದದ ಚೀಲದಲ್ಲಿ ತಂದುಕೊಡುತ್ತಿದ್ದವಳು, ಅವತ್ತು ಬಗ್ಗಿ ಒಳಗೆ ಬಂದು, ಮೆಷಿನ್ನಿನ ಪಕ್ಕ ಚಾಪೆಯಲ್ಲಿ ಕೂತ ಅಮ್ಮನನ್ನು ಕಂಡು, ಗಂಡ ಮನೆಯಿಂದ ಹೊರಗೆ ಹಾಕಿದ್ದಾನೆಯೇ ಎಂದು ಕೇಳಿದಳಂತೆ. ಅಮ್ಮ ತನಗೆ ಬರುತ್ತಿದ್ದಷ್ಟು ಇಂಗ್ಲಿಷಿನಲ್ಲಿ ವಿಷಯ ಹೇಳಿದಳು. ಮಿಸ್ ವಿಲ್ಮಾ, "ಓ ಹನಿ" ಎಂದು ಹೊರಟುಹೋಗಿ, ಸ್ವಲ್ಪ ಹೊತ್ತಿಗೆ ಒಂದು ಕಂದು ಬಣ್ಣದ ಸೀಸೆಯೊಂದಿಗೆ ಬಂದಳು. ಹೆಂಗಸರ ಟಾನಿಕ್. ಅವಳ ತಾಯಿ ಕುಡಿದದ್ದು, ಅವಳ ಅಜ್ಜಿ ಕುಡಿದದ್ದು. ಅವರ ಕಾಲದಲ್ಲಿ ಡಾಕ್ಟರು ಸಿಗುತ್ತಿದ್ದದ್ದು ಅಪರೂಪ, ಸಿಕ್ಕರೂ ಗಂಡಸು. ಇಂಥದ್ದನ್ನೆಲ್ಲ ಅವನ ಹತ್ತಿರ ಹೇಳುವುದಕ್ಕಿಂತ ಅಂಗಡಿಯಿಂದ ಒಂದು ಸೀಸೆ ತರಿಸುವುದು ಸುಲಭವಾಗಿತ್ತು. ಆ ಸೀಸೆಯ ಜೊತೆಗೆ ಪಂಚಾಂಗ ಪುಕ್ಕಟೆ ಸಿಗುತ್ತಿತ್ತು ಎಂದೂ ಅವಳು ಹೇಳಿದಳು. ಇದನ್ನು ಕೇಳಿ ಅಜ್ಜಿಗೆ ಮಿಸ್ ವಿಲ್ಮಾಳ ಮೇಲೆ ಗೌರವ ಹುಟ್ಟಿತು. ಈಗಲೂ ಮಾರುತ್ತಾರೆ, ಔಷಧಿ ಅಂಗಡಿಯ ಕೆಳಗಿನ ಶೆಲ್ಫಿನಲ್ಲಿ ಬಗ್ಗಿ ನೋಡಬೇಕು ಅಷ್ಟೇ ಎಂದಳು.

ಸೀಸೆಯ ಚೀಟಿಯ ಮೇಲೆ ಒಂದು ಕಾಡುಹೂವಿನ ಚಿತ್ರವಿತ್ತು. ಹೂವಲ್ಲ, ತುರುಬು ಕಟ್ಟಿದ ಒಬ್ಬ ಹೆಂಗಸಿನ ಮುಖ ಎನ್ನುತ್ತಾಳೆ ಅಕ್ಕ. ಇಬ್ಬರಲ್ಲಿ ಒಬ್ಬರು ತಪ್ಪು, ಅಥವಾ ಇಬ್ಬರೂ. ಅಜ್ಜಿ ಮುಚ್ಚಳ ತೆಗೆಸಿ ದೂರದಿಂದ ಮೂಸಿದರು.

"ಅಶೋಕಾರಿಷ್ಟ ಕಣೆ ಇದು! ಅದೇ ವಾಸನೆ. ಬಾಣಂತನದಲ್ಲಿ ನಮ್ಮಮ್ಮ ಎಷ್ಟು ಕುಡಿಸಿದ್ದಾಳೆ ನಂಗೆ."

"ಇಂಗ್ಲಿಷ್ ಔಷಧಿ ಅತ್ತೆ ಇದು."

"ಬೇರು ನಾರು ಎಲ್ಲಾ ಕಡೆ ಒಂದೇ. ಔಷಧಿಗೆ ಮೈಲಿಗೆ ಇಲ್ಲ. ಧನ್ವಂತರಿ ಅಂದ್ಕೊಂಡು ಕುಡಿ."

"ಇವರಿಗೆ ಒಂದು ಮಾತು ಕೇಳಿ..."

"ಅವನಿಗೇನು ಕೇಳ್ತೀಯ? ಹೆಂಗಸರ ವಿಷಯ. ಅವನು ಸೂಜಿ ಚುಚ್ಚಿ ಮಲಗಿಸೋನು."

ಅಲ್ಲಿಂದ ಮುಂದಿನ ಮಧ್ಯಾಹ್ನಗಳು ನನ್ನ ನೆನಪಿನಲ್ಲಿ ಒಂದೇ ಮಧ್ಯಾಹ್ನವಾಗಿ ಕಲೆಸಿಹೋಗಿವೆ. ಬೇಸಿಗೆ ರಜೆ. ಅಪ್ಪ ಆಸ್ಪತ್ರೆಯಲ್ಲಿ. ಊಟವಾದ ಮೇಲೆ ಅಜ್ಜಿ ಅಡುಗೆಮನೆಯ ಕಡೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಅಮ್ಮ ಈಚೆಗೆ, ಡ್ರೈಯರಿಗೆ ಒರಗಿಕೊಂಡು. ನಡುವೆ ಹೊಸ್ತಿಲು, ಅಂದರೆ ಕಾಲ್ಬೆರಳಿಗೆ ತಗಲುವಷ್ಟು ಎತ್ತರದ ಒಂದು ಅಲ್ಯೂಮಿನಿಯಂ ಪಟ್ಟಿ. ಅದರ ಮೇಲೆ ಸೀಸೆ. ಮಂಡಿನೋವಿಗೂ ಆಗಬಹುದೆಂದು ಅಜ್ಜಿಯೂ ಶುರುಮಾಡಿದ್ದರು. ಅಜ್ಜಿಯ ಪುಟ್ಟ ಬೆಳ್ಳಿ ಬಟ್ಟಲಿಗೆ, ಅಮ್ಮನ ಸ್ಟೀಲ್ ಲೋಟಕ್ಕೆ, ತಗಲದಂತೆ ಎತ್ತರದಿಂದ ಸುರಿಯುವುದು ನನ್ನ ಕೆಲಸ. ಮೊದಲು ಇಬ್ಬರೂ ಮುಖ ಕಿವುಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಾತು ಏಳುತ್ತಿತ್ತು. ಸೊಸೆಯಾಗಿ ಬಂದ ಮನೆಯಲ್ಲಿ ತಾವು ಕದ್ದು ತಿಂದ ಕೊಬ್ಬರಿಮಿಠಾಯಿಯ ಕತೆಯನ್ನು ಅಜ್ಜಿ ಹೇಳುತ್ತಿದ್ದರು. ಅವರ ಅತ್ತೆ ಡಬ್ಬಿ ತೆಗೆದು ಇಲಿ ತಿಂದಿದೆ ಅಂದರಂತೆ, ಮಾವ ಇಲಿಬೋನು ತಂದರಂತೆ. "ನಾನೇ ಅದಕ್ಕೆ ಕೊಬ್ಬರಿಚೂರು ಸಿಕ್ಕಿಸಿದೆ ಕಣೆ" ಎಂದು ಅಜ್ಜಿ ನಗುತ್ತಿದ್ದರು, ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅವರಿಬ್ಬರೂ ಒಟ್ಟಿಗೆ ನಕ್ಕ ಬೇರೆ ಯಾವ ಸಂದರ್ಭವೂ ನನ್ನ ಬಳಿ ಇಲ್ಲ. ಹಾಗಾಗಿಯೇ ಇದನ್ನು ನಾನು ಹಿಗ್ಗಿಸಿರಬಹುದು.

ಟಾನಿಕ್ ಕೆಲಸ ಮಾಡಿತು. ಅಥವಾ ಮಾಡಿತು ಎಂದು ನಾನು ತಿಳಿದೆ, ಯಾಕೆಂದರೆ ಅಮ್ಮ ನಾಲ್ಕನೆಯ ದಿನಕ್ಕೆ ಸರಿಯಾಗಿ ತಲೆಗೆ ನೀರು ಹಾಕಿಕೊಂಡು ಒಳಗೆ ಬರತೊಡಗಿದಳು. ಅಡುಗೆಮನೆ ಅವಳಿಗೆ ಸಿಕ್ಕಿತು. ಹುಳಿ, ಪಲ್ಯ, ಗೊಜ್ಜು, ಶನಿವಾರ ದೋಸೆ. ಸೀಸೆ ಖಾಲಿಯಾದರೆ ಮಿಸ್ ವಿಲ್ಮಾ ಇನ್ನೊಂದು ತರುತ್ತಿದ್ದಳು. ಅಮ್ಮ ಆ ತಿಂಗಳುಗಳಲ್ಲಿ ಗಾಢ ಬಣ್ಣದ ಸೀರೆಗಳನ್ನೇ ಉಡುತ್ತಿದ್ದಳು, ಕಾಫಿಪುಡಿ, ನೇರಳೆ. ಇದು ನಾನು ಆಗ ಗಮನಿಸಿದ್ದೋ ಆಮೇಲೆ ಫೋಟೋ ನೋಡಿ ಸೇರಿಸಿದ್ದೋ ಹೇಳಲಾರೆ.

ನವರಾತ್ರಿಯ ಹೊತ್ತಿಗೆ ಅಪ್ಪನ ಸ್ನೇಹಿತ ರಾಮು ಅಂಕಲ್, ಅವರ ಹೆಂಡತಿ, ಇನ್ನೂ ಇಬ್ಬರು ಮೂವರು ಡಾಕ್ಟರುಗಳು ಊಟಕ್ಕೆ ಬಂದಿದ್ದರು. ರಾಮು ಅಂಕಲ್ ಹೃದಯದ ಡಾಕ್ಟರು, ದೊಡ್ಡ ಗಂಟಲು. ಅಮ್ಮ ಬಿಸಿಬೇಳೆಬಾತು ಮಾಡಿದ್ದಳು. ನೀರು ತೆಗೆದುಕೊಳ್ಳಲು ಅಡುಗೆಮನೆಗೆ ಹೋದ ರಾಮು ಅಂಕಲ್ ಕೈಯಲ್ಲಿ ಸೀಸೆ ಹಿಡಿದುಕೊಂಡು ಬಂದರು.

"ಏನಯ್ಯಾ ಮೂರ್ತಿ, ಮನೇಲಿ ಬಾರ್ ಇಟ್ಕೊಂಡು ನಮಗೆ ಮಜ್ಜಿಗೆ ಕೊಡ್ತೀಯಲ್ಲ!"

"ಏನೋ ಅದು?"

"ಓದು ಇಲ್ಲಿ. ವೈನಿಗಿಂತ ಜಾಸ್ತಿ ಇದೆ ಆಲ್ಕೋಹಾಲು. ಹೆಂಗಸರ ಕಂಪ್ಲೇಂಟಿಗೆ ಅಂತೆ! ಒಂದು ಬಾಟ್ಲಿ ಎಲ್ಲಿ ಸಾಕಾಗತ್ತಪ್ಪ?"

ಮೇಜಿನ ಸುತ್ತ ನಗು ಎದ್ದಿತು. ಅಪ್ಪನೂ ನಕ್ಕರು, ಆಮೇಲೆ ಸೀಸೆ ತೆಗೆದುಕೊಂಡು ಓದಿದರು, ನಗು ನಿಲ್ಲಿಸಿದರು. ಏನಂತೆ, ಏನಂತೆ ಎಂದು ಅಜ್ಜಿ ಕೇಳುತ್ತಿದ್ದರು. ಅಪ್ಪ ಕನ್ನಡದಲ್ಲಿ ಹೇಳಿದರು.

"ಅಮ್ಮಾ, ಇದರಲ್ಲಿ ಹೆಂಡ ಇದೆ."

ಅಜ್ಜಿಯ ಕೈಯಲ್ಲಿ ತುಪ್ಪದ ಮಿಳ್ಳೆಯಿತ್ತು. ಅದು ಯಾರದೋ ತಟ್ಟೆಯ ಮೇಲೆ ಹಾಗೇ ನಿಂತಿತು.

"ಅರಿಷ್ಟದ ಹಾಗೆ ಅಂದ್ಕೊಂಡ್ವಿ ನಾವು," ಎಂದಳು ಅಮ್ಮ.

"ಅರಿಷ್ಟದಲ್ಲೂ ಇರತ್ತೆ ತಾಯಿ. ಅದಕ್ಕೇ ಎಲ್ಲರಿಗೂ ಗುಣ ಆಗೋದು," ಎಂದರು ರಾಮು ಅಂಕಲ್, ಸಮಾಧಾನ ಮಾಡುವ ದನಿಯಲ್ಲಿ.

ಅತಿಥಿಗಳು ಹೋದ ಮೇಲೆ ಅಪ್ಪ ಸೀಸೆಯನ್ನು ಸಿಂಕಿಗೆ ಬಗ್ಗಿಸಿದರು. ಮನೆಯೆಲ್ಲ ಆ ವಾಸನೆ ಹರಡಿತು. ಜಗಳ ಶುರುವಾಯಿತು, ದಿನಗಟ್ಟಲೆ ನಡೆಯಿತು. ಅಪ್ಪನದು, ಊರಿನಲ್ಲಿ ಅಷ್ಟು ದೊಡ್ಡ ಮೆಡಿಕಲ್ ಸೆಂಟರ್ ಇರುವಾಗ, ತಾನು ಡಾಕ್ಟರಾಗಿರುವಾಗ, ತನ್ನ ಮನೆಯ ಹೆಂಗಸರು ನಾಟಿ ಸೀಸೆ ಕುಡಿದು ನಾಲ್ಕು ಜನರೆದುರು ತನ್ನ ಮಾನ ಕಳೆದರಲ್ಲ ಎಂದು. ಅಜ್ಜಿಯದು, ಏಕಾದಶಿಯ ದಿನವೂ ಕುಡಿದೆನಲ್ಲ ಎಂದು. ತಾವು ಬಾಣಂತನದಲ್ಲಿ ಕುಡಿದದ್ದೂ ಹೆಂಡವೇ ಎಂದಾದರೆ ಹಿಂದಿನದಕ್ಕೆಲ್ಲ ಏನು ಮಾಡುವುದು ಎಂಬ ಚಿಂತೆ ಬೇರೆ. ದೇವಸ್ಥಾನದ ಪುರೋಹಿತರಿಗೆ ಫೋನ್ ಹೋಯಿತು. ಸ್ನಾನ ಮಾಡಿ ಪಂಚಗವ್ಯ ತೆಗೆದುಕೊಂಡರೆ ಸಾಕು, ತಿಳಿಯದೆ ಆದದ್ದು ಎಂದರು ಅವರು. ಹಾಲು ಮೊಸರು ತುಪ್ಪ ಅಂಗಡಿಯಲ್ಲಿದ್ದವು. ಸಗಣಿ, ಗಂಜಳ?

"ಇಲ್ಲಿನ ಹಸು ತಿನ್ನೋಕೆ ಸಾಕಿದ್ದು. ಅದರ ಗಂಜಳ ನಡೆಯತ್ತೇನೋ?"

"ಹಸುಗೆ ಗೊತ್ತಿರಲ್ಲಮ್ಮ ಯಾಕೆ ಸಾಕಿದಾರೆ ಅಂತ."

ಮಿಸ್ ವಿಲ್ಮಾಳ ತಮ್ಮನಿಗೆ ಊರಾಚೆ ದನಗಳಿದ್ದವು. ಒಂದು ಭಾನುವಾರ ಅಪ್ಪ, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು, ಆಸ್ಪತ್ರೆಯಿಂದ ತಂದ ಮುಚ್ಚಳವಿರುವ ಪ್ಲಾಸ್ಟಿಕ್ ಕಪ್ಪನ್ನು ಹಿಡಿದು ಒಂದು ಕೆಂಪು ಹಸುವಿನ ಹಿಂದೆ ಕಾಯುತ್ತ ನಿಂತಿದ್ದರು. ನಾನು, ಅಕ್ಕ ಕಾರಿನೊಳಗಿಂದ ನೋಡಿದೆವು. ಅದು ಪರೀಕ್ಷೆಗೆ ಮೂತ್ರ ಹಿಡಿದುಕೊಡುವ ಕಪ್ಪು. ಅಷ್ಟು ಡಾಕ್ಟರುಗಳು ಕೂತ ಆ ಮೇಜಿನಲ್ಲಾಗಲಿ, ಆಮೇಲಿನ ಜಗಳದಲ್ಲಾಗಲಿ, ಪುರೋಹಿತರ ಫೋನಿನಲ್ಲಾಗಲಿ, ಅಮ್ಮ ಅದನ್ನು ಯಾಕೆ ಕುಡಿಯುತ್ತಿದ್ದಳು ಎಂದು ಒಬ್ಬರೂ ಕೇಳಲಿಲ್ಲ. ಇದು ನನ್ನ ನೆನಪಿನ ತಪ್ಪಾಗಿದ್ದರೆ ಒಳ್ಳೆಯದಿತ್ತು. ಅಕ್ಕನನ್ನೂ ಕೇಳಿದ್ದೇನೆ. ಯಾರೂ ಕೇಳಲಿಲ್ಲ ಎಂದೇ ಅವಳೂ ಹೇಳುತ್ತಾಳೆ.

ಅಮ್ಮ ಚಾಪೆಗೆ ಮರಳಿದಳು. ಈ ಸಲ ಮೂರು ದಿನವಲ್ಲ, ವಾರವಲ್ಲ, ಒಳಗೆ ಬಂದದ್ದೇ ಕಡಿಮೆ. ಕುಡಿದದ್ದಕ್ಕೆ ಶಿಕ್ಷೆ ಎಂದು ನಾನು ತಿಳಿದಿದ್ದೆ. ಅಜ್ಜಿ ಮಧ್ಯಾಹ್ನ ಮಣೆ ಹಾಕಿಕೊಂಡು ಕೂರುವುದನ್ನು ಬಿಟ್ಟರು. ತಟ್ಟೆ ಹೋಗುತ್ತಿತ್ತು, ತಟ್ಟೆ ಬರುತ್ತಿತ್ತು. ಒಂದು ಬೆಳಿಗ್ಗೆ ನಾವು ಶಾಲೆಯಲ್ಲಿದ್ದಾಗ, ಅಜ್ಜಿ ಸ್ನಾನದಲ್ಲಿದ್ದಾಗ, ಪೀಕನ್ ಚೀಲ ಹಿಡಿದು ಬಂದ ಮಿಸ್ ವಿಲ್ಮಾ ಅರ್ಧ ಎತ್ತಿದ ಬಾಗಿಲಿನಡಿ ಬಗ್ಗಿ, ಮೆಷಿನ್ನಿನ ಮುಂದೆ ಬಿದ್ದಿದ್ದ ಅಮ್ಮನನ್ನು ಕಂಡಳು. ಆಂಬುಲೆನ್ಸ್ ಕರೆದವಳು ಅವಳೇ. ಅಪ್ಪ ಆ ಹೊತ್ತಿನಲ್ಲಿ ಇನ್ನೊಂದು ಆಸ್ಪತ್ರೆಯಲ್ಲಿ ಯಾರನ್ನೋ ಮಲಗಿಸಿದ್ದರು. ಅವರು ಏಳುವ ತನಕ ಬಿಟ್ಟು ಬರುವಂತಿರಲಿಲ್ಲ. ಅಮ್ಮನಿಗೆ ರಕ್ತ ಕೊಟ್ಟರು. ಮೈಯಲ್ಲಿ ಉಳಿದಿದ್ದ ಇಷ್ಟೇ ಇಷ್ಟು ರಕ್ತದಲ್ಲಿ ಇವರು ನಡೆದಾಡುತ್ತಿದ್ದದ್ದು ಹೇಗೆ ಎಂದು ಅಲ್ಲಿಯ ಡಾಕ್ಟರು ಅಪ್ಪನನ್ನು ಕೇಳಿದರಂತೆ. ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ಗರ್ಭಕೋಶವನ್ನೇ ತೆಗೆದರು. ಮನೆಗೆ ಬಂದ ಮೇಲೆ ಅಪ್ಪ ಹಾಸಿಗೆಯ ಪಕ್ಕ ನಿಂತು ಹೇಳಿದ್ದು ಒಂದು ಮಾತು:

"ನಂಗೆ ಹೇಳ್ಬೇಕಿತ್ತು ನೀನು."

ಅದಕ್ಕೆ ಅಮ್ಮ, ಕೇಳ್ಬೇಕಿತ್ತು ನೀವು, ಅಂದಳು. ಅಥವಾ ಅವಳು ಗೋಡೆಯ ಕಡೆ ತಿರುಗಿದಳು ಅಷ್ಟೇ, ಆ ಮಾತನ್ನು ಅವಳ ಬಾಯಿಗೆ ಹಾಕಿದವಳು ಕಾಲೇಜಿಗೆ ಹೋಗಿ ಓದಿಕೊಂಡ ನಾನು. ಎರಡೂ ನನಗೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಆಮೇಲೆ ಲಾಂಡ್ರಿ ರೂಮಿನಲ್ಲಿ ಬಟ್ಟೆಗಳು ಮಾತ್ರ ಇದ್ದವು. ಚಾಪೆ ಎಲ್ಲಿ ಹೋಯಿತೋ. ಅಮ್ಮನಿಗೆ ಅಡುಗೆಮನೆ ತಿಂಗಳಿಡೀ ಸಿಕ್ಕಿತು. ಅಜ್ಜಿ, ಅವಳು ಅಕ್ಕಪಕ್ಕ ಮಣೆ ಹಾಕಿಕೊಂಡು ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಗುತ್ತಿರಲಿಲ್ಲ. ಜಗಳವನ್ನೂ ಆಡುತ್ತಿರಲಿಲ್ಲ.

ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ. ಅಕ್ಕ ಡಾಲಸ್ಸಿನಲ್ಲಿ, ಲಾಸ್ ಕೊಲಿನಾಸ್ ಬಡಾವಣೆಯ ಆಫೀಸೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ನಾನು ಆಸ್ಟಿನ್ನಿನಲ್ಲಿ. ಅಮ್ಮ ಅವಳಲ್ಲಿ ಸ್ವಲ್ಪ ಕಾಲ, ನನ್ನಲ್ಲಿ ಸ್ವಲ್ಪ ಕಾಲ ಇರುತ್ತಾಳೆ. ನಡುದಾರಿಯ ಒಂದು ದೊಡ್ಡ ಗ್ಯಾಸ್ ಸ್ಟೇಷನ್ನಿನಲ್ಲಿ ನಾವು ಅವಳನ್ನು ಕೈ ಬದಲಾಯಿಸುತ್ತೇವೆ: ಅಮ್ಮ, ಅವಳ ಸೂಟ್‌ಕೇಸು, ಅವಳ ಕುಕ್ಕರು, ಟವೆಲ್ಲಿನಲ್ಲಿ ಸುತ್ತಿದ ದೇವರು. ಈ ಸಲ ಅವಳು ಬರುವ ಕೆಲವು ದಿನ ಮುಂಚೆ ನಾನೊಂದು ಕಾಫಿ ಅಂಗಡಿಗೆ ಹೋಗಿದ್ದೆ. ಹಳೆಯದೆಲ್ಲವನ್ನೂ ಅಲಂಕಾರ ಮಾಡಿ ಇಡುವ ಅಂಗಡಿ. ಮೇಜಿನ ಮೇಲೆ ಒಂದು ಕಂದು ಸೀಸೆ, ಅದರೊಳಗೆ ರೋಸ್‌ಮೆರಿ ಸೊಪ್ಪಿನ ಕಡ್ಡಿ. ತಿರುಗಿಸಿದೆ. ಗಾಜಿನಲ್ಲೇ ಉಬ್ಬಿದ ಅಕ್ಷರಗಳು, ಹೆಂಗಸರ ಬಾಧೆಗಳಿಗೆ ಎಂದು ಇಂಗ್ಲಿಷಿನಲ್ಲಿ. ಚೀಟಿ ಎಂದೋ ಉದುರಿಹೋಗಿತ್ತು, ಹಾಗಾಗಿ ಹೂವೋ ಹೆಂಗಸೋ ಇತ್ಯರ್ಥವಾಗಲಿಲ್ಲ. ನನಗೆ ಏನಾದರೂ ಅನ್ನಿಸಬೇಕಿತ್ತು. ಕಾಫಿ ಆರುವ ತನಕ ಕಾದೆ. ಏನೂ ಅನ್ನಿಸಲಿಲ್ಲ. ಒಂದು ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಅವಳು ತಕ್ಷಣ ಫೋನ್ ಮಾಡಿದಳು.

"ಇದನ್ನ ಅಮ್ಮಂಗೆ ತೋರಿಸ್ಬೇಡ ಶಾಲೂ."

"ಯಾಕೆ? ಅವರಿಬ್ಬರೂ ನಗ್ತಿದ್ದದ್ದು ನೆನಪಿದ್ಯಾ, ಆ ಹೊಸ್ತಿಲಲ್ಲಿ?"

"ನಗ್ತಿದ್ರಾ? ಅಜ್ಜಿ ಅಳ್ತಿದ್ರು ಕಣೆ. ನೀನು ಯಾವ ಮನೇಲಿ ಬೆಳೆದೆ?"

ನಾನು ತೋರಿಸಿದೆ. ಗ್ಯಾಸ್ ಸ್ಟೇಷನ್ನಿನಿಂದ ಮನೆಗೆ ಬಂದ ಮಾರನೆಯ ಬೆಳಿಗ್ಗೆ, ಕಾಫಿ ಕುಡಿಯುತ್ತಿದ್ದ ಅಮ್ಮನ ಮುಂದೆ ಫೋನು ಹಿಡಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಓ. ವಿಲ್ಮಾದು."

"ಅದು ಕುಡಿದ್ಮೇಲೆ ನಿಂಗೆ ಸರಿಯಾಗಿ ನಿಲ್ತಿತ್ತು ಅಲ್ವಾ? ನಾಲ್ಕನೇ ದಿನಕ್ಕೆ ಒಳಗೆ ಬರ್ತಿದ್ದೆ."

"ನಿಲ್ತಿರ್ಲಿಲ್ಲ."

"ಮತ್ತೆ?"

"ನಿಮ್ಮಜ್ಜಿ ಒಂದು ದಾರಿ ಹುಡುಕಿದ್ರು. ಔಷಧಿ ಕುಡಿಯೋಕೆ ಶುರು ಮಾಡಿದ್ಮೇಲೆ ಮೂರು ದಿನ ಕಳೆದೂ ಬರೋದು ಮುಟ್ಟಲ್ಲ, ಕಾಯಿಲೆ. ಕಾಯಿಲೆಗೆ ಮೈಲಿಗೆ ಇಲ್ಲ, ನಾಲ್ಕನೇ ದಿನ ನೀನು ಒಳಗೆ ಬಾ ಅಂದ್ರು. ಆ ಪುಣ್ಯಾತ್ಗಿತ್ತಿಗೆ ನಾನು ಅಲ್ಲಿ ಕೂತಿರೋದು ನೋಡಕ್ಕಾಗ್ತಿರ್ಲಿಲ್ಲ. ಹಾಗಂತ ಶಾಸ್ತ್ರ ಬಿಡೋಕೂ ಆಗ್ತಿರ್ಲಿಲ್ಲ."

"ಆಮೇಲೆ ಯಾಕೆ ವಾಪಸ್ ಹೋದೆ?"

"ಔಷಧಿ ಇದ್ದಷ್ಟು ದಿನ ಕಾಯಿಲೆ. ಔಷಧೀನ ನಿಮ್ಮಪ್ಪ ಚೆಲ್ಲಿದ್ರಲ್ಲ, ಮತ್ತೆ ಮುಟ್ಟಾಯ್ತು."

ಅಮ್ಮ ಇದನ್ನು ಅಂಗಡಿಯ ಸಾಮಾನು ಹೇಳುವ ದನಿಯಲ್ಲೇ ಹೇಳಿದಳು. ನಾನು ಕೇಳಿಸಿಕೊಂಡೆ. ಹಾಗಾದರೆ ಅಜ್ಜಿಗೆ ಗೊತ್ತಿತ್ತು. ಅದು ಕಾಯಿಲೆ ಎಂದು ಆ ಮನೆಯಲ್ಲಿ ಮೊದಲು ಹೇಳಿದವರು ಡಾಕ್ಟರಲ್ಲ, ಅಜ್ಜಿ. ಸೊಸೆಯನ್ನು ಅಡುಗೆಮನೆಗೆ ಕರೆದುಕೊಳ್ಳುವುದಕ್ಕೆ ಆ ಮಾತನ್ನು ಬಳಸಿದರು, ಮಗನಿಗೆ ಮುಟ್ಟಿಸಲಿಲ್ಲ. ನಗುತ್ತಿದ್ದರೋ ಅಳುತ್ತಿದ್ದರೋ ಎಂದು ಅಮ್ಮನನ್ನು ಕೇಳಬೇಕೆಂದುಕೊಂಡೆ. ಅವಳು ಅಷ್ಟರಲ್ಲಿ ಎದ್ದು ಲೋಟ ತೊಳೆಯುತ್ತಿದ್ದಳು. ಸಿಂಕಿನ ಪಕ್ಕ ನನ್ನದೊಂದು ಡಬ್ಬಿ ಇತ್ತು, ಗುಲಾಬಿ ಬಣ್ಣದ್ದು. ಆನ್‌ಲೈನಿನಲ್ಲಿ ತರಿಸಿಕೊಂಡ, ಜೆಲ್ಲಿಯಂತೆ ಅಗಿಯುವ ಗುಳಿಗೆಗಳು. ಹೆಂಗಸರ ಸಮತೋಲನಕ್ಕೆ ಎಂದು ಬರೆದಿದೆ, ಒಂದು ಹೂವಿನ ಚಿತ್ರವೂ ಇದೆ. ಅಮ್ಮ ಕೈ ಒರೆಸಿಕೊಂಡು ಅದನ್ನು ಎತ್ತಿದಳು, ಮುಚ್ಚಳ ತೆಗೆದು ಮೂಸಿದಳು. ಆಮೇಲೆ ನನ್ನನ್ನು ನೋಡಿದಳು.

"ಎಷ್ಟು ದಿನದಿಂದ ಹೋಗ್ತಿದೆ ನಿಂಗೆ?"

"ಏನಮ್ಮ?"

"ನಿನ್ನ ಬಾತ್‌ರೂಮಿನ ಕಸ ಇವತ್ತು ನಾನೇ ತೆಗೆದಿದ್ದು. ನಿಂತು ಎರಡು ವರ್ಷ ಆಯ್ತು ಅಂದಿದ್ದೆ ನೀನು."

ಅಂದಿದ್ದೆ, ನಿಜ. ನಿಂತಿತ್ತು. ವಸಂತದಲ್ಲಿ ಮತ್ತೆ ಕಾಣಿಸಿಕೊಂಡಿತು. ಸ್ವಲ್ಪ ಸ್ವಲ್ಪ, ಬಿಟ್ಟು ಬಿಟ್ಟು. ನಿಂತ ಮೇಲೆ ಮತ್ತೆ ಬಂದರೆ ಡಾಕ್ಟರಿಗೆ ತೋರಿಸಬೇಕು ಎನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ಓದಿದ್ದೇನೆ, ಗೆಳತಿಯರಿಗೆ ಹೇಳಿದ್ದೇನೆ. ದಿನವೂ ಡೈರಿ ಬರೆಯುತ್ತೇನೆ, ಹವೆ ಬರೆಯುತ್ತೇನೆ, ತಿಂದದ್ದು ಬರೆಯುತ್ತೇನೆ. ಇದನ್ನು ಒಂದು ದಿನವೂ ಬರೆದಿರಲಿಲ್ಲ. ಗುಳಿಗೆ ತರಿಸಿಕೊಂಡಿದ್ದೆ. ಹೆದರಿಕೆಯಾಗಿತ್ತೇ ಎಂದರೆ ಅದೂ ಇಲ್ಲ. ಚಾಪೆಯ ತುದಿ ತುಳಿಯದಂತೆ ಕಾಲೆತ್ತಿಟ್ಟು ದಾಟುತ್ತಿದ್ದೆ ಅಷ್ಟೇ.

"ಈ ಗುಳಿಗೆ ತಗೊಂಡ ಮೇಲೆ ಕಡಿಮೆ ಆಗಿದೆ ಅನ್ಸತ್ತೆ," ಎಂದೆ.

"ಅನ್ಸತ್ತೆ." ಅಮ್ಮ ಡಬ್ಬಿಯನ್ನು ಅಲ್ಲಾಡಿಸಿದಳು. "ಅದರಲ್ಲಿ ಹೆಂಡನಾದ್ರೂ ಇತ್ತು ಕಣೆ. ಕುಡಿದರೆ ಒಂದಿಷ್ಟು ನಗು ಬರ್ತಿತ್ತು. ಇದರಲ್ಲಿ ಏನಿದೆ?"

ಆಮೇಲೆ ಅವಳು ಊಟದ ಮೇಜಿನಿಂದ ಒಂದು ಕುರ್ಚಿ ಎಳೆದು, ನನ್ನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ ಹಾಕಿಕೊಂಡು ಕೂತಳು. ನನ್ನ ಫೋನನ್ನು ನನ್ನ ಕಡೆ ತಳ್ಳಿದಳು. ಸೀಸೆಯ ಫೋಟೋ ಅದರಲ್ಲಿ ಹಾಗೇ ಇತ್ತು.

"ಡಾಕ್ಟರಿಗೆ ಮಾಡು. ನಾನು ಇಲ್ಲೇ ಕೂತಿರ್ತೀನಿ."

ಮಾಡಿದೆ. ಲೈನಿನಲ್ಲಿ ಬಹಳ ಹೊತ್ತು ಸಂಗೀತ ಕೇಳಿಸಿತು. ಅಮ್ಮ ಅಲ್ಲಾಡಲಿಲ್ಲ. ಕೊನೆಗೆ ಒಬ್ಬ ಹುಡುಗಿ ಮಾತಾಡಿದಳು, ಹೆಸರು ಕೇಳಿದಳು, ಹುಟ್ಟಿದ ತಾರೀಖು ಕೇಳಿದಳು, ಏನು ತೊಂದರೆ ಎಂದು ಕೇಳಿದಳು. ಹೇಳಿದೆ. ಎಷ್ಟು ಸಮಯದಿಂದ ಎಂದು ಕೇಳಿದಳು. ನಾನು ಅಮ್ಮನನ್ನು ನೋಡಿದೆ. ಅವಳಿಗೆ ಆ ಹುಡುಗಿಯ ಮಾತು ಕೇಳಿಸುತ್ತಿರಲಿಲ್ಲ. ಆದರೂ ಅವಳು ಉತ್ತರಕ್ಕೆ ಕಾಯುತ್ತಿದ್ದಳು, ಕಿವಿಯನ್ನು ಸ್ವಲ್ಪ ಮುಂದಕ್ಕೆ ಕೊಟ್ಟು.